ನೋಯದ ಹಲ್ಲೂ ಕ್ಷ-ಕಿರಣವೂ

ಹಲ್ಲು ನೋಯತೊಡಗಿದ ಮೇಲೆಯೇ ದಂತವೈದ್ಯರ ಬಾಗಿಲು ತಟ್ಟುವುದು ನಮ್ಮಲ್ಲಿ ಅನೇಕರ ವಾಡಿಕೆ. ಆದರೆ ನೋವು ಬರುವುದು ಬಹಳ ತಡವಾಗಿ. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದ ಪದಾರ್ಥಗಳಲ್ಲೆಲ್ಲ ಗಟ್ಟಿಯಾದುದು. ಅದರಲ್ಲಿ ನರಗಳಿಲ್ಲ, ಕುಳಿಬಿದ್ದರೆ ಅದು ಮುರಿದ ಮೂಳೆಯಂತೆ ತಾನೇ ಕೂಡಿಕೊಳ್ಳಲಾರದು. ಹಲ್ಲಿನ ಸಂದಿಯಲ್ಲುಳಿದ ಸಕ್ಕರೆಯನ್ನು ಬ್ಯಾಕ್ಟೀರಿಯಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಪಿಎಚ್ ಮಾನವು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲಿನ ಕ್ಯಾಲ್ಸಿಯಂ ಲವಣ ಕರಗಲಾರಂಭಿಸುತ್ತದೆ. ಈ ನಷ್ಟವನ್ನು ಜೊಲ್ಲು ಕೆಲಮಟ್ಟಿಗೆ ತುಂಬಿಕೊಡುವುದುಂಟು. ದಿನವಿಡೀ ಮಿಠಾಯಿ ಚಪ್ಪರಿಸುವವರಿಗೆ ಅದಾದರೂ ಎಷ್ಟು ನೆರವಾದೀತು!

ಎರಡು ಹಲ್ಲುಗಳ ನಡುವಣ ಹುಳುಕು ವೈದ್ಯರ ಕಿರುಗನ್ನಡಿಗೂ ಸುಲಭವಾಗಿ ಕಾಣದು. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಹೆಮ್ಮೆಯೆನಿಸುವುದು ಇಲ್ಲಿಯೇ. ಕ್ಯಾಲ್ಸಿಯಂ ತುಂಬಿದ ಭಾಗವು ಕ್ಷ-ಕಿರಣಗಳನ್ನು ಹೆಚ್ಚಾಗಿ ಹೀರುವುದರಿಂದ ಚಿತ್ರದಲ್ಲಿ ಬೆಳ್ಳಗೆ ತೋರುತ್ತದೆ. ಲವಣ ಕರಗಿಹೋದ ಭಾಗ ಕಪ್ಪಾಗಿ ಕಾಣುತ್ತದೆ. ರಾಂಟ್ಜೆನ್ನರ ಶೋಧ ಪ್ರಕಟವಾದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಓಟ್ಟೋ ವಾಲ್ಕಾಫ್ ತಮ್ಮ ಹಲ್ಲುಗಳ ಇಂತಹ ಚಿತ್ರವನ್ನು ಪಡೆದರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಕಿರಣಗಳಿಗೆ ಮುಖವೊಡ್ಡಬೇಕಾಯಿತು. ಇಂದು ಒಂದು ಸೆಕೆಂಡಿಗಿಂತ ಕಡಿಮೆ ಕಾಲ ಸಾಕು. ಹುಳುಕು ಒಳತಿರುಳನ್ನು ಮುಟ್ಟುವ ಮೊದಲೇ ಕಂಡುಬಂದರೆ ಸಣ್ಣ ಕುಳಿಯನ್ನು ತುಂಬಿಸಿದರಾಯಿತು. ಮುಟ್ಟಿ ಕೆಡಿಸಿದ ಮೇಲೆ ಬಹುಮಟ್ಟಿಗೆ ತಿರುಳನ್ನೇ ತೆಗೆಯಬೇಕು, ಇಲ್ಲವೆ ಹಲ್ಲನ್ನೇ ಕೀಳಬೇಕು.