ಅಗಲಿದವರಿಗೂ ಸಲ್ಲಬೇಕಾದ ಕ್ಷಮಾವಾಣಿ

ದಶಲಕ್ಷಣ ಮಹಾಪರ್ವವು ಉತ್ತಮ ಕ್ಷಮಾ ಧರ್ಮದಿಂದ ಆರಂಭವಾಗಿ ಕ್ಷಮಾವಾಣಿಯೊಂದಿಗೆ ಸಂಪನ್ನಗೊಳ್ಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಶ್ರಾವಕ-ಶ್ರಾವಿಕೆಯರು ಅಂದು ಪರಸ್ಪರ ಕೈಮುಗಿದು, ಅರಿತೋ ಅರಿಯದೆಯೋ ಆದ ತಪ್ಪುಗಳಿಗೆ ಕ್ಷಮೆ ಯಾಚಿಸುತ್ತಾರೆ. ಎದುರಿಗಿರುವವರಲ್ಲಿ ಕ್ಷಮೆ ಕೇಳಬಹುದು. ಅನ್ಯಾಯ ಉಂಡು ಅಗಲಿಹೋದವರಲ್ಲಿ ಕೇಳುವುದು ಹೇಗೆ?

ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. 1911ರ ಕಾಯ್ದೆ ಬೆಳಗಾವಿ ಸೀಮೆ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಅನ್ವಯಿಸಿತು. ಕದ್ದವನನ್ನಲ್ಲ, ಇಡೀ ಕುಲವನ್ನೇ ಅದು ಅಪರಾಧಿ ಎಂದು ಸಾರಿತು. ಬೆರಳಚ್ಚು, ಪೊಲೀಸ್ ಹಾಜರಿ, ಹುಬ್ಬಳ್ಳಿಯಂಥ ಕಡೆ ಕಾವಲಿನ ‘ಸೆಟ್ಲ್‌ಮೆಂಟ್’ ವಾಸ. ಆ ಘೋಷಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತೆಯೂ ಇರಲಿಲ್ಲ. 1952ರ ಆಗಸ್ಟ್ 31ರಂದು ದೇಶದಾದ್ಯಂತ ಕಾಯ್ದೆ ರದ್ದಾಗಿ ಈ ಜನರು ‘ವಿಮುಕ್ತ’ರೆನಿಸಿದರು. ಬಿಡುಗಡೆ ದೊರೆಯಿತು, ಆದರೆ ರದ್ದತಿಯ ಶಾಸನದಲ್ಲಿ ಕ್ಷಮೆಯ ಮಾತು ಇರಲಿಲ್ಲ. ಉತ್ತರ ಕರ್ನಾಟಕದ ಒಂದು ಸಮುದಾಯ ಸರ್ಕಾರಿ ಪಟ್ಟಿಯಲ್ಲಿ ಇಂದಿಗೂ ‘ಗಂಟಿಚೋರ್’ ಎಂಬ ಹೆಸರನ್ನೇ ಹೊತ್ತಿದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಃಶಂಕಿತ ಅಂಗಕ್ಕೆ ಉದಾಹರಣೆಯಾಗಿ ಹೆಸರಿಸುವುದು ಅಂಜನಚೋರನನ್ನು. ಆತ ನಿಜವಾಗಿಯೂ ಕಳ್ಳನಾಗಿದ್ದವನು. ದೃಢಶ್ರದ್ಧೆಯಿಂದ ಮುಕ್ತಿಪಥ ಹಿಡಿದನು. ಸಮ್ಯಗ್ದರ್ಶನವುಳ್ಳವನು ಮಾತಂಗ ಕುಲದಲ್ಲಿ ಜನಿಸಿದ್ದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ವಿ ಎಂಬುದು ಅದೇ ಗ್ರಂಥದ ಆಶಯ. ಕದ್ದವನಿಗೂ ಧರ್ಮ ಬಾಗಿಲು ತೆರೆಯಿತು. ಕಾಯ್ದೆಯಾದರೋ ಕದಿಯದ ಕೂಸಿಗೂ ಕಳ್ಳನ ಹೆಸರಿಟ್ಟಿತು.

ಇಂಥ ಅನ್ಯಾಯ ಅನ್ಯದೇಶಗಳಲ್ಲಿಯೂ ನಡೆದಿದೆ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿಗಳು ಮಾರ್ಟಿನ್ಸ್‌ವಿಲ್‌ನ ಏಳು ಕಪ್ಪು ವರ್ಣೀಯರನ್ನು ದೋಷಿಗಳೆಂದವು. 1951ರಲ್ಲಿ ಅವರಿಗೆ ಮರಣದಂಡನೆಯಾಯಿತು. ಎಪ್ಪತ್ತು ವರ್ಷಗಳ ಬಳಿಕ, 2021ರ ಆಗಸ್ಟ್ 31ರಂದು, ಗವರ್ನರ್ ರಾಲ್ಫ್ ನಾರ್ಥಮ್ ಅವರಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ಆ ಆದೇಶ ನಿರ್ಣಯಿಸಲಿಲ್ಲ. ವಿಚಾರಣೆ ನ್ಯಾಯಯುತವಾಗಿರಲಿಲ್ಲ, ಶಿಕ್ಷೆಯಲ್ಲಿ ವರ್ಣಭೇದವಿತ್ತು ಎಂದು ಒಪ್ಪಿಕೊಂಡಿತು.

ಪ್ರತಿ ಜೀವವೂ ತನ್ನ ಕರ್ಮಫಲವನ್ನು ತಾನೇ ಅನುಭವಿಸಬೇಕೆಂಬುದು ಜಿನವಾಣಿ. ನಮ್ಮ ಕ್ಷಮಾಯಾಚನೆಯಿಂದ ಅಗಲಿದ ಜೀವದ ಗತಿ ಬದಲಾಗದು. ಹಾಗಾದರೆ ಅದು ವ್ಯರ್ಥವೇ? ಅಲ್ಲ. ಸುಳ್ಳು ಆರೋಪ ಹೊರಿಸುವುದು ‘ಅಭ್ಯಾಖ್ಯಾನ’ವೆಂಬ ಪಾಪ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಈ ಮೂರೂ ಕರ್ಮಬಂಧಕ್ಕೆ ಕಾರಣ. ಕಾಯ್ದೆ ಮಾಡಿದವರು ಅಳಿದರು. ಊರಿನಲ್ಲಿ ಕಳವಾದೊಡನೆ ಒಂದು ಕೇರಿಯತ್ತ ಬೆರಳು ತೋರುವವನು, ಕುಲದ ಹೆಸರನ್ನು ಬೈಗುಳವಾಗಿಸುವವನು ಆ ಪಾಪವನ್ನು ಇಂದಿಗೂ ಅನುಮೋದಿಸುತ್ತಿದ್ದಾನೆ.

ಆದ ತಪ್ಪಿಗೆ ಪ್ರತಿಕ್ರಮಣ, ಮುಂದೆ ಮಾಡೆನೆಂಬುದಕ್ಕೆ ಪ್ರತ್ಯಾಖ್ಯಾನ. ಇವೆರಡೂ ಕೂಡಿದಾಗಲೇ ಕ್ಷಮೆ ಪೂರ್ಣ. ಈ ಬಾರಿಯ ಕ್ಷಮಾವಾಣಿಯಂದು ಬಂಧುಗಳಿಗೆ ಕೈಮುಗಿದ ಬಳಿಕ, ಆ ಕೇರಿಯವರೆಗೂ ನಾಲ್ಕು ಹೆಜ್ಜೆ ನಡೆದು ಕೈಮುಗಿಯೋಣ. ಅಗಲಿದವರಿಗೆ ಸಲ್ಲದೆ ಉಳಿದ ಮಾತು ಅವರ ಮೊಮ್ಮಕ್ಕಳಿಗಾದರೂ ಸಲ್ಲಲಿ.