ಹತ್ತು ಪೌಂಡಿನ ಪಾದ್ರಿಮನೆ, ಮಲೆನಾಡಿನ ತೊಟ್ಟಿಮನೆ

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಕಾಫಿ ತೋಟಗಳಲ್ಲಿ ಉಳಿದಿರುವ ಹಳೆಯ ತೊಟ್ಟಿಮನೆಗಳ ವಾರಸುದಾರರನ್ನು ಇಂದು ಕಾಡುವ ಪ್ರಶ್ನೆ ಒಂದೇ: ರಿಪೇರಿ ಮಾಡಿಸುವುದೋ, ಕೆಡವುವುದೋ? ಮಾಡು ಸೋರುತ್ತದೆ, ಮರಕ್ಕೆ ಗೆದ್ದಲು ಹತ್ತಿದೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಆಲ್‌ಫ್ರಿಸ್ಟನ್ ಹಳ್ಳಿಯ ಪಾದ್ರಿಮನೆಯೂ ಇದೇ ಸ್ಥಿತಿಗೆ ಬಂದಿತ್ತು.

14ನೇ ಶತಮಾನದ ಆ ಮನೆ ಹಳ್ಳಿಯ ಸಾಮಾನ್ಯ ಮನೆ. ಓಕ್ ಮರದ ಚೌಕಟ್ಟು, ಅದರ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲಿನ ಮಾಡು. ಎರಡು ಬದಿಗೆ ಮಹಡಿ ಕೋಣೆಗಳು. ಮಧ್ಯದ ಪಡಸಾಲೆ ಮಾತ್ರ ನೆಲದಿಂದ ಮಾಡಿನವರೆಗೆ ತೆರೆದದ್ದು. ಸೀಮೆಸುಣ್ಣದ ಕಲ್ಲನ್ನು ಪುಡಿ ಮಾಡಿ, ಬಡಿದು, ಹುಳಿ ಹಾಲು ಹಾಕಿ ಗಟ್ಟಿ ಮಾಡಿದ ನೆಲ. ಆ ಊರಿನ ಪಾದ್ರಿಯೇ ಮುಂದೆ ನಿಂತು ಅದನ್ನು ಉಳಿಸಲು ಓಡಾಡಿದರು. ಹಳೆಯ ಕಟ್ಟಡ, ತಾಣಗಳನ್ನು ಕಾಪಾಡಲು 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಮರುವರ್ಷವೇ ಅದನ್ನು 10 ಪೌಂಡಿಗೆ ಕೊಂಡಿತು. ಮುಂದೆ ದೊಡ್ಡ ದೊಡ್ಡ ಅರಮನೆಗಳಿಗೆ ಒಡೆಯನಾದ ಆ ಸಂಸ್ಥೆ ಕೊಂಡ ಮೊದಲ ಕಟ್ಟಡ ಇದು.

ಮಳೆ ಬಲ್ಲವರು ಕಟ್ಟಿದ್ದು

ನಮ್ಮ ತೊಟ್ಟಿಮನೆಯೂ ಸುತ್ತಲ ಮಣ್ಣು, ಮರ, ಮಳೆಯನ್ನು ಅರಿತವರ ಕೆಲಸ. ಜೂನ್‌ನಿಂದ ಹಿಡಿಯುವ ಜಡಿಮಳೆಗೆ ಕಡಿದಾದ ಇಳಿಜಾರಿನ ಮಾಡು. ಮಣ್ಣಿನ ಗೋಡೆಗೆ ಎರಚಲು ಬಡಿಯದಂತೆ ಮುಂದಕ್ಕೆ ಚಾಚಿದ ಸೂರು. ಜಗಲಿಗೆ ಮಳೆಗಾಲದಲ್ಲಿ ಕಟ್ಟುವ ಅಡಿಕೆ ಸೋಗೆಯ ತಟ್ಟಿ. ನಡುವಿನ ತೊಟ್ಟಿಯಿಂದ ಬೆಳಕು, ಗಾಳಿ ಒಳಬರುತ್ತವೆ. ಬಿದ್ದ ನೀರು ಕಿಂಡಿಯಿಂದ ಹೊರಹೋಗುತ್ತದೆ. ಒಲೆಯ ಹೊಗೆ ಅಟ್ಟಕ್ಕೇರಿ ಮರಕ್ಕೆ ಹುಳು ಹತ್ತದಂತೆ ಕಾಯುತ್ತದೆ.

ನಮ್ಮ ಮಾಡಿಗೂ ಪಾದ್ರಿಗಳಿಗೂ ನಂಟುಂಟು. 1865ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಘಟ್ಟ ಹತ್ತಿದ ಮಂಗಳೂರು ಹೆಂಚು ತೊಟ್ಟಿಮನೆ, ತೋಟದ ಬಂಗಲೆ ಎರಡನ್ನೂ ಹೊದಿಸಿತು. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು.

ಉಳಿಸುವ ದಾರಿ

ಇಂಥ ಮನೆ ಕೆಡುವುದು ಬಹುಮಟ್ಟಿಗೆ ಅಲಕ್ಷ್ಯದಿಂದ. ಒಂದು ಹೆಂಚು ಜಾರಿದರೆ ಪಕಾಸಿ ನೆನೆಯುತ್ತದೆ, ನೆನೆದ ಮರಕ್ಕೆ ಗೆದ್ದಲು, ಆಮೇಲೆ ಗೋಡೆಗೆ ನೀರು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಇನ್ನಷ್ಟು ಬೇಗ ಉದುರುತ್ತದೆ; ಅದಕ್ಕೆ ಸುಣ್ಣದ ಗಾರೆಯೇ ಸರಿ. ಮಳೆಗೆ ಮುಂಚೆ ಹೆಂಚು ಕೈಯಾಡಿಸುವ ಹಳೆಯ ರೂಢಿಯೇ ಅರ್ಧ ಸಂರಕ್ಷಣೆ.

ಎಲ್ಲ ಮನೆಗಳೂ ಉಳಿಯಲಾರವು, ನಿಜ. ಕೆಡವಲೇಬೇಕಾದರೆ ಅಳತೆ ತೆಗೆದು, ನಕ್ಷೆ ಬರೆದು, ಫೋಟೊ ಹಿಡಿದಿಡೋಣ. ಶಾಸನವಿರುವ ಗುಡಿಗೆ ಕೊಡುವ ಗೌರವದಲ್ಲಿ ಒಂದು ಪಾಲು ಬಾಳಿ ಬದುಕಿದ ಮನೆಗೂ ಸಲ್ಲಬೇಕು. ಆಲ್‌ಫ್ರಿಸ್ಟನ್‌ನವರು ತಮ್ಮ ಬಡ ಮನೆಯೊಂದಕ್ಕೆ ಆ ಗೌರವ ಕೊಟ್ಟರು, ನಾವೂ ಕೊಡಬಲ್ಲೆವು.