ಬೋಳು ತೆಂಗಿನ ತುದಿಯಲ್ಲಿ ನೀಲಕಂಠದ ಸಂಸಾರ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ತಿಪಟೂರು ಸೀಮೆಯಲ್ಲಿ ಹಕ್ಕಿ ನೋಡಲು ಹೊರಡಬೇಕು. ಹೊಂಗೆ ಚಿಗುರಿ ಹೂ ಬಿಡುವ, ಬೇವು ಘಮ್ಮೆನ್ನುವ, ಹಕ್ಕಿಗಳು ಜೋಡಿ ಹುಡುಕುವ ಕಾಲವಿದು. ಬೆಳಕು ಹರಿಯುವಾಗ ಹೊರಟು ಬಿಸಿಲು ಚುರುಗುಟ್ಟುವ ಮುಂಚೆ ನೆರಳು ಸೇರಿದರೆ ಸರಿ. ತುರುವೇಕೆರೆಯಲ್ಲಿ ಕೆರೆ, ತಿಪಟೂರಿನಲ್ಲಿ ತೋಟ, ಚಿಕ್ಕನಾಯಕನಹಳ್ಳಿಯಲ್ಲಿ ಕುರುಚಲು ಗುಡ್ಡ. ಅಕ್ಕಪಕ್ಕದ ಮೂರು ತಾಲ್ಲೂಕುಗಳಲ್ಲಿ ಮೂರು ಬಗೆಯ ಹಕ್ಕಿಲೋಕ.

ಮೊದಲು ಮಲ್ಲಾಘಟ್ಟ ಕೆರೆ. ಬೇಸಿಗೆ ಏರಿದಂತೆ ನೀರು ಹಿಂದೆ ಸರಿದು ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಬೆಳ್ಳಕ್ಕಿ, ಕೊಳಬಕಗಳಿಗೆ ಅಲ್ಲೇ ಊಟ. ಚಳಿಗಾಲ ಕಳೆಯಲು ಬಂದ ಸಿಪಿಲೆಗಳು ಬಾಲ ಕುಣಿಸುತ್ತಾ ಓಡಾಡುತ್ತವೆ, ಕೆಲವೇ ದಿನಗಳಲ್ಲಿ ಅವು ಉತ್ತರಕ್ಕೆ ಹಾರಲಿವೆ. ಕೆರೆಯಂಚಿನ ಒಣನೆಲದಲ್ಲಿ ನಡೆಯುವಾಗ ಟಿಟ್ಟಿಭವೊಂದು ನೆತ್ತಿಯ ಮೇಲೆ ಸುತ್ತುತ್ತಾ ಕಿರುಚತೊಡಗಿದರೆ ನಿಂತುಬಿಡಿ. ಅದು ಗೂಡು ಕಟ್ಟುವ ಹಕ್ಕಿಯಲ್ಲ, ಬರೀ ನೆಲದ ಮೇಲೆ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುವುದು ಒಳ್ಳೆಯದು.

ತೋಟದೊಳಗೆ ಕಾಲಿಡುವ ಮುಂಚೆ ಬೇಲಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಹಳೆಯ ತೋಟಗಳ ಬೇಲಿ ಎಂದರೆ ಕತ್ತಾಳೆ, ಕಳ್ಳಿ, ಲಕ್ಕಿ, ಈಚಲು, ನಡುನಡುವೆ ಹೊಂಗೆ, ಬೇವು, ಹುಣಸೆ. ಇಲ್ಲಿ ಸಿಂಪಿಗ ಹಕ್ಕಿ ಅಗಲ ಎಲೆಯೊಂದರ ಅಂಚುಗಳಿಗೆ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆ ಪೋಣಿಸಿ, ಮಡಚಿದ ಎಲೆಯೊಳಗೆ ಗೂಡು ಮಾಡುತ್ತದೆ. ಮುಳ್ಳಿನ ಮರೆಯಲ್ಲಿ ಪಿಕಳಾರ. ಬುಡದ ತರಗೆಲೆ ಕೆದಕುತ್ತಾ ಗಲಾಟೆ ಎಬ್ಬಿಸುವ ಹರಟೆಮಲ್ಲಗಳ ಗುಂಪು. ಪೊದೆಯೊಳಗೆ ಕೆಂಬೂತದ ಗಂಭೀರ ಕೂಗು. ನಾಲ್ಕು ಹೆಜ್ಜೆ ಮುಂದೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದ ಪಕ್ಕದ ತೋಟ. ಬದು ಸವರಿ ನೆಲ ಚೊಕ್ಕಟ ಮಾಡಿದ್ದಾರೆ. ತಂತಿಯ ಮೇಲೆ ಕಾಜಾಣವೊಂದು ಕೂತಿದೆ, ಅಷ್ಟೇ. ಎರಡೂ ತೋಟದಲ್ಲಿ ತೆಂಗು ಒಂದೇ, ವ್ಯತ್ಯಾಸವೆಲ್ಲ ಬೇಲಿಯದು.

ಒಳಗೆ ಹೋದರೆ ಸುಳಿ ಬಿದ್ದು ಬೋಳಾದ ತೆಂಗಿನ ಮರವೊಂದು ನಿಂತಿದೆ. ಅಣಬೆ ರೋಗ ಈ ಸೀಮೆಯ ತೋಟಗಳನ್ನು ಬಹಳ ಕಾಡಿದೆ. ಮರ ಸತ್ತಮೇಲೆ ಹೊಂಬೆನ್ನಿನ ಮರಕುಟಿಗ ಬಂದು ಕಾಂಡ ಕೊರೆಯುತ್ತದೆ. ಅದು ತೋಟದ ಬಡಗಿ. ಅದು ಬಿಟ್ಟುಹೋದ ಪೊಟರೆಗೆ ಗಿಳಿ, ಗೊರವಂಕ, ಮಡಿವಾಳ, ಹಾಲಕ್ಕಿ ಪೈಪೋಟಿ ನಡೆಸುತ್ತವೆ. ಟೊಳ್ಳುಬಿದ್ದ ತುದಿ ಮಾತ್ರ ನೀಲಕಂಠಕ್ಕೆ. ಕೂತಾಗ ಮಂಕು ಕಂದು ಬಣ್ಣದ ಈ ಹಕ್ಕಿ ರೆಕ್ಕೆ ಬಿಚ್ಚಿದೊಡನೆ ಕಡುನೀಲಿ, ತಿಳಿನೀಲಿ ಪಟ್ಟಿಗಳು ಹೊಳೆಯುತ್ತವೆ. ಗಂಡು ನೇರ ಮೇಲಕ್ಕೆ ಏರಿ, ಕರ್ಕಶವಾಗಿ ಕೂಗುತ್ತಾ, ಮೈಯನ್ನು ಎಡಬಲ ಉರುಳಿಸುತ್ತಾ ಕೆಳಕ್ಕೆ ಧುಮುಕುತ್ತದೆ. ಇದು ಹೆಣ್ಣನ್ನು ಒಲಿಸುವ ಆಟ. ಕರ್ನಾಟಕದ ರಾಜ್ಯಪಕ್ಷಿಗೆ ಬೇಕಾದದ್ದು ನಾವು ಸೌದೆಗೂ ಬಾರದ್ದೆಂದು ತಿಳಿದ ಮರ.

‘ಇದನ್ಯಾಕೆ ಕಡಿಸಿಲ್ಲ ಯಜಮಾನ್ರೇ?’ ಎಂದರೆ ತೋಟದವರು ಹೇಳಿದ್ದಿಷ್ಟು: ‘ಮರಿ ಮಾಡ್ಕಂಡವೆ ಸ್ವಾಮಿ. ಹಾರ್ಕಂಡೋಗ್ಲಿ, ಆಮೇಲ್ ನೋಡನ.’

ಚಿಕ್ಕನಾಯಕನಹಳ್ಳಿ ದಾಟಿ ಮದಲಿಂಗನ ಕಣಿವೆಯತ್ತ ಹೋದರೆ ತೆಂಗಿನ ನೆರಳು ಮುಗಿದು ಕುರುಚಲು ಕಾಡು. ಗೌಜಲಹಕ್ಕಿಯ ಕೂಗು, ನವಿಲು, ಮಣ್ಣಿನ ದರೆಯಲ್ಲಿ ಬಿಲ ಕೊರೆಯುವ ಪುಟ್ಟ ಹಸಿರು ಕಳ್ಳಿಪೀರ. ಇಂಥದೇ ಒಣಕಾಡಿಗೆ ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಾ ವನ್ಯಧಾಮದ ಮಾನ್ಯತೆ ಸಿಕ್ಕಿತು. ಅದೇ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, ಜನ ಅವನ್ನು ಕಾಯುತ್ತಾರೆ. ಕಾಡಿನಲ್ಲಿ ಸರ್ಕಾರ ಮಾಡುವ ಕೆಲಸವನ್ನು ಊರಿನಲ್ಲಿ, ತೋಟದಲ್ಲಿ ನಾವೇ ಮಾಡಬೇಕು.

ಹಾಗೆಂದು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ತೆಂಗಿನ ಸಾಲುಗಳ ನಡುವಿನ ಮೂವತ್ತು ಅಡಿ ಜಾಗದಲ್ಲಿ ಬಿಸಿಲು ನೆಲಕ್ಕೆ ಇಳಿಯುತ್ತದೆ. ಕರಿಬೇವು, ನೇರಳೆ, ಸೀಬೆ, ಮೂಲೆಗೊಂದು ಅತ್ತಿ ಇದ್ದರೆ ಕುಟ್ರುಹಕ್ಕಿ, ಕೋಗಿಲೆಗಳು ತಾವಾಗಿ ಬರುತ್ತವೆ. ದಾಸವಾಳವಿದ್ದರೆ ಸೂರಕ್ಕಿ. ಡ್ರಿಪ್ ಬಂದಮೇಲೆ ತೋಟದಲ್ಲಿ ನೀರು ಹರಿಯುವ ಕಾಲುವೆಗಳಿಲ್ಲ, ಹಾಗಾಗಿ ನೆರಳಿನಲ್ಲಿ ಅಗಲವಾದ ಮಣ್ಣಿನ ತಟ್ಟೆಯಿಟ್ಟು ದಿನಾ ನೀರು ಬದಲಿಸಿ. ಉದುರಿದ ಗರಿಗೆ ಬೆಂಕಿ ಹಾಕದೆ ಬುಡಕ್ಕೆ ಹೊದಿಸಿ: ತೇವ ಉಳಿಯುತ್ತದೆ, ಹುಳುಹುಪ್ಪಟೆ ಹುಡುಕುವ ಹಕ್ಕಿಗಳಿಗೆ ಮೇವೂ ಸಿಗುತ್ತದೆ. ಬೇಸಿಗೆಯಲ್ಲಿ ಕಪ್ಪುತಲೆ ಹುಳು ಕಂಡರೆ ವಿಷ ಹೊಡೆಯುವ ಮೊದಲು ಗೋನಿಯೋಜಸ್ ಪರೋಪಜೀವಿ ಬಿಡುವ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಸತ್ತ ಮರ ಕೊಳೆತರೆ ಸುಳಿ ಕೊರೆಯುವ ದುಂಬಿಗೆ ತವರಾಗುತ್ತದೆ ಎಂಬ ರೈತರ ಭಯ ನಿಜವಾದದ್ದೇ. ಬಿದ್ದು ಕೊಳೆಯುವ ಬೊಡ್ಡೆಗಳನ್ನು, ಪೊಟರೆಯಿಲ್ಲದ ಬೋಳು ಮರಗಳನ್ನು ತೆಗೆಸಿ. ಹಕ್ಕಿ ಹೊಕ್ಕು ಹೊರಡುವ ಒಂದು ಮರಕ್ಕೆ ಮಾತ್ರ ಮುಂಗಾರು ಹಿಡಿಯುವವರೆಗೆ ವಾಯಿದೆ ಕೊಡಿ. ಬೇಲಿ ಸವರುವುದನ್ನೂ ಅಲ್ಲಿಯವರೆಗೆ ಮುಂದಕ್ಕೆ ಹಾಕಿ. ತೋಟದ ಫಸಲಿಗೆ ಇದರಿಂದ ಕೊರತೆಯಾಗದು, ಒಂದು ತಲೆಮಾರಿನ ಹಕ್ಕಿಗಳು ಮಾತ್ರ ಉಳಿದುಕೊಳ್ಳುತ್ತವೆ.